ರೂಬಾರ್ಬ್ ಎಲೆ 5 ಕಿಲೋ ತಿಂದರಷ್ಟೇ ವಿಷವೇ? ಪ್ಲಾಸ್ಟಿಕ್ ಬಕೆಟ್ ಮುಚ್ಚಿ ಬೆಳೆದರೆ ಕ್ಯಾನ್ಸರ್ ಬರುತ್ತದೆಯೇ?

ಇಂಗ್ಲೆಂಡಿನಲ್ಲಿರುವ ನಮ್ಮ ಓದುಗರೊಬ್ಬರು ಎರಡು ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳನ್ನು ಕಳಿಸಿ, "ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಹೇಳಿ" ಎಂದು ಕೇಳಿದ್ದಾರೆ. ಮೊದಲನೆಯದು ಹೀಗೆ ಹೇಳುತ್ತದೆ: ರೂಬಾರ್ಬ್ ಎಲೆ ವಿಷ ಅನ್ನೋದು ಹಳೇ ಕಾಲದ ಮೂಢನಂಬಿಕೆ, 5 ಕಿಲೋ ತಿಂದರೆ ಮಾತ್ರ ಅಪಾಯ, ಆರಾಮಾಗಿ ತಿನ್ನಿ. ಎರಡನೆಯದು ಇದಕ್ಕೆ ತದ್ವಿರುದ್ಧ: ಈ ಗಿಡಕ್ಕೆ ಪ್ಲಾಸ್ಟಿಕ್ ಬಕೆಟ್ ಮುಚ್ಚಿ ಬೆಳೆಯುತ್ತಾರೆ, ಪ್ಲಾಸ್ಟಿಕ್ಕಿನ ವಿಷವೆಲ್ಲ ದಂಟಿಗೆ ಇಳಿದು ಕ್ಯಾನ್ಸರ್ ಬರುತ್ತದೆ, ಕೂಡಲೇ ಎಲ್ಲರಿಗೂ ಕಳಿಸಿ.

ಅವರು ಕೇಳಿದ್ದಕ್ಕೆ ಕಾರಣವೂ ಇದೆ. ಅವರ ತಾಯಿ ಊರಿನಿಂದ ಬಂದು ಮಗನ ಮನೆಯಲ್ಲಿದ್ದಾರೆ. ಹಿತ್ತಿಲಲ್ಲಿ ರೂಬಾರ್ಬ್ ಗಿಡವಿದೆ. ಸೊಸೆ ದಂಟನ್ನಷ್ಟೇ ಇಟ್ಟುಕೊಂಡು ಮೊರದಗಲದ ಹಸಿರು ಎಲೆಗಳನ್ನೆಲ್ಲ ಬಿಸಾಡಿದ್ದನ್ನು ಕಂಡು ಅಮ್ಮ, "ಅಯ್ಯೋ, ಇಷ್ಟು ಚೆಂದದ ಎಲೆ! ಪತ್ರೊಡೆ ಮಾಡಬಹುದಿತ್ತಲ್ಲೋ" ಎಂದರಂತೆ. ಅಷ್ಟರಲ್ಲಿ ಈ 5 ಕಿಲೋ ಮೆಸೇಜು ಫ್ಯಾಮಿಲಿ ಗ್ರೂಪಿಗೆ ಬಂದಿದೆ.

ಇಲ್ಲೇ ಹೇಳಿಬಿಡುತ್ತೇವೆ. ರೂಬಾರ್ಬ್ ಎಲೆಯಲ್ಲಿ ಪತ್ರೊಡೆಯೂ ಬೇಡ, ಪಲ್ಯವೂ ಬೇಡ, ಸಾರೂ ಬೇಡ. ದಂಟು ಮಾತ್ರ ತಿನ್ನುವಂಥದ್ದು. ಬಕೆಟ್ ವಿಚಾರದಲ್ಲಿ ಹೆದರುವ ಅಗತ್ಯವಿಲ್ಲ, ಆದರೆ ಆ ಬಕೆಟ್ಟಿನಲ್ಲಿ ಮೊದಲು ಏನಿತ್ತು ಎಂದು ಕೇಳಲೇಬೇಕು. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಏನಿದು ರೂಬಾರ್ಬ್?

ಚಳಿ ದೇಶಗಳ ತರಕಾರಿ ಇದು. ನೆಲದೊಳಗೆ ದಪ್ಪ ಗಡ್ಡೆಯಂಥ ಬುಡ ಇರುತ್ತದೆ. ಚಳಿಗಾಲದಲ್ಲಿ ಮೇಲಿನ ಭಾಗ ಸತ್ತುಹೋಗಿ ವಸಂತದಲ್ಲಿ ಮತ್ತೆ ಚಿಗುರುತ್ತದೆ. ಕೆಂಪು ಅಥವಾ ಹಸಿರು ಬಣ್ಣದ ದಪ್ಪ ದಂಟು, ಅದರ ತುದಿಗೆ ಆನೆಕಿವಿಯಂಥ ಎಲೆ. ದಂಟಿನ ರುಚಿ ಹುಳಿ ಎಂದರೆ ಹುಳಿ, ಹಸಿ ಮಾವಿನಕಾಯಿ ಕಚ್ಚಿದ ಹಾಗೆ. ಸಕ್ಕರೆ ಹಾಕಿ ಬೇಯಿಸಿ ಜಾಮ್, ಪೈ, ಕ್ರಂಬಲ್ ಮಾಡುತ್ತಾರೆ. ಹೀಗೆ ಸಿಹಿತಿಂಡಿಗೇ ಬಳಸುವುದರಿಂದ 1947ರಲ್ಲಿ ಅಮೆರಿಕದ ಬಫಲೋ ನಗರದ ಕಸ್ಟಮ್ಸ್ ಕೋರ್ಟು ರೂಬಾರ್ಬ್ ಹಣ್ಣು ಎಂದು ತೀರ್ಪು ಕೊಟ್ಟಿತ್ತು! ಸಸ್ಯಶಾಸ್ತ್ರದ ಪ್ರಕಾರ ಅದು ಎಲೆಯ ತೊಟ್ಟು, ಅಷ್ಟೇ.

ಬ್ರಿಟನ್ನಿನಲ್ಲಿ ಅನೇಕ ಹಳೇ ಮನೆಗಳ ಹಿತ್ತಿಲಲ್ಲಿ ಈ ಗಿಡ ಮೊದಲೇ ಇರುತ್ತದೆ. ಮನೆ ಕೊಂಡವರಿಗೋ ಬಾಡಿಗೆಗೆ ಬಂದವರಿಗೋ ಏನೆಂದೇ ತಿಳಿದಿರುವುದಿಲ್ಲ. ನಮ್ಮವರಿಗೆ ಅದು ಕೆಸುವಿನ ಎಲೆಯ ಹಾಗೆ ಕಾಣುವುದು ಸಹಜ.

ಎಲೆಯಲ್ಲಿ ಏನಿದೆ?

ಮುಖ್ಯವಾಗಿ ಆಕ್ಸಾಲಿಕ್ ಆಮ್ಲ ಮತ್ತು ಅದರ ಲವಣಗಳು. ಇವನ್ನೇ ಆಕ್ಸಲೇಟ್ ಎನ್ನುವುದು. ಕೆಸುವಿನಲ್ಲೂ ಆಕ್ಸಲೇಟ್ ಇದೆಯಲ್ಲ, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಸರಿಹೋಗುತ್ತದಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಕೆಸುವಿನಲ್ಲಿ ತುರಿಕೆ ತರುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು. ಅವು ನೀರಿನಲ್ಲಿ ಕರಗುವುದಿಲ್ಲ, ಬಾಯಿ ಗಂಟಲಿಗೆ ಚುಚ್ಚುತ್ತವೆ. ಹಾಗಾಗಿ ಅಡುಗೆ ತಪ್ಪಿದ್ದರೆ ಮೊದಲ ತುತ್ತಿನಲ್ಲೇ ಗಂಟಲು ಕೆರೆದು ಗೊತ್ತಾಗಿಬಿಡುತ್ತದೆ. ರೂಬಾರ್ಬ್ ಎಲೆಯಲ್ಲಿ ಕರಗುವ ಆಕ್ಸಲೇಟೂ ಸಾಕಷ್ಟಿದೆ. ಅದು ಕರುಳಿನಿಂದ ರಕ್ತಕ್ಕೆ ಸೇರುತ್ತದೆ, ಅಲ್ಲಿನ ಕ್ಯಾಲ್ಸಿಯಂ ಜೊತೆ ಕೂಡಿಕೊಳ್ಳುತ್ತದೆ, ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆಯಾದರೆ ಸ್ನಾಯು ಸೆಳೆತ, ಹೃದಯ ಬಡಿತದ ಏರುಪೇರು ಎಲ್ಲ ಆಗಬಹುದು. ಬೇಯಿಸಿದ ಮಾತ್ರಕ್ಕೆ ಆಕ್ಸಾಲಿಕ್ ಆಮ್ಲ ನಾಶವಾಗುವುದಿಲ್ಲ. ನೀರು ಬಸಿದರೆ ಒಂದಿಷ್ಟು ಹೋಗುತ್ತದೆ, ಉಳಿದದ್ದು ಹೊಟ್ಟೆಗೆ.

ಇದು ಮೂಢನಂಬಿಕೆಯಲ್ಲ ಎನ್ನಲು ಇತಿಹಾಸವೇ ಸಾಕ್ಷಿ. ಮೊದಲನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದಾಗ ಬ್ರಿಟನ್ನಿನಲ್ಲಿ ಆಹಾರಕ್ಕೆ ತತ್ವಾರವಾಯಿತು. ಆಗ ರೂಬಾರ್ಬ್ ಎಲೆಯನ್ನು ಸೊಪ್ಪಿನ ಹಾಗೆ ಬೇಯಿಸಿ ತಿನ್ನಬಹುದು ಎಂದು ಸಲಹೆ ಕೊಡಲಾಯಿತು. ನಂಬಿ ತಿಂದವರು ಕಾಯಿಲೆ ಬಿದ್ದರು, ಸಾವುಗಳೂ ಆದವು, ಕೊನೆಗೆ ತಿನ್ನಬೇಡಿ ಎಂದು ಎಚ್ಚರಿಸಬೇಕಾಯಿತು. ಇಂಥದ್ದೇ ಒಂದು ಸಾವಿನ ವರದಿ 1919ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ನೂರು ವರ್ಷದ ಹಿಂದೆ ಕರಪತ್ರ ಮಾಡಿದ ಕೆಲಸವನ್ನು ಈಗ ಫಾರ್ವರ್ಡ್ ಮಾಡುತ್ತಿದೆ.

ಹಾಗಾದರೆ 5 ಕಿಲೋ ಲೆಕ್ಕ ಎಲ್ಲಿಂದ ಬಂತು?

ಲೆಕ್ಕ ಪೂರ್ತಿ ಕಟ್ಟುಕಥೆಯಲ್ಲ, ಅದೇ ತೊಂದರೆ. ಇಲಿಗಳ ಮೇಲಿನ ಪ್ರಯೋಗದಲ್ಲಿ ಶುದ್ಧ ಆಕ್ಸಾಲಿಕ್ ಆಮ್ಲ ದೇಹದ ತೂಕದ ಕಿಲೋಗೆ ಸುಮಾರು 375 ಮಿಲಿಗ್ರಾಂ ಕೊಟ್ಟಾಗ ಅರ್ಧದಷ್ಟು ಇಲಿಗಳು ಸತ್ತವು. ಅದನ್ನು 65 ಕಿಲೋ ಮನುಷ್ಯನಿಗೆ ಗುಣಿಸಿದರೆ 25 ಗ್ರಾಂ ಆಸುಪಾಸು ಬರುತ್ತದೆ. ಎಲೆಯಲ್ಲಿ ಆಮ್ಲದ ಪ್ರಮಾಣ ಅರ್ಧ ಶೇಕಡಾ ಎಂದು ಹಿಡಿದರೆ ಒಂದು ಕಿಲೋ ಎಲೆಯಲ್ಲಿ 5 ಗ್ರಾಂ. 25ನ್ನು 5ರಿಂದ ಭಾಗಿಸಿ, ಬಂತು 5 ಕಿಲೋ.

ಗುಣಾಕಾರ ಭಾಗಾಕಾರ ಸರಿಯೇ ಇದೆ. ತಪ್ಪಿರುವುದು ಅದರ ಅರ್ಥದಲ್ಲಿ. ಮೊದಲನೆಯದಾಗಿ, ಇದು ಸಾಯುವ ಪ್ರಮಾಣದ ಅಂದಾಜು, ಸುರಕ್ಷಿತ ಪ್ರಮಾಣವಲ್ಲ. ವಾಂತಿ, ಹೊಟ್ಟೆನೋವು, ಮೂತ್ರಪಿಂಡಕ್ಕೆ ಪೆಟ್ಟು ಇವೆಲ್ಲ ಅದಕ್ಕಿಂತ ಎಷ್ಟೋ ಮೊದಲೇ ಶುರುವಾಗುತ್ತವೆ. ಮೆಟ್ಟಿಲಿಂದ ಬಿದ್ದರೆ ಸಾಯುವುದಿಲ್ಲ ಎಂದು ಯಾರೂ ಬೇಕೆಂದೇ ಬೀಳುವುದಿಲ್ಲವಲ್ಲ. ಎರಡನೆಯದಾಗಿ, ಇಲಿಯ ಲೆಕ್ಕವನ್ನು ಮಕ್ಕಳಿಗೆ, ಶುಗರ್ ಇರುವ ಅಜ್ಜನಿಗೆ, ಕಿಡ್ನಿ ತೊಂದರೆ ಇರುವವರಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ. ಎಲೆಯಿಂದ ಎಲೆಗೆ, ತಳಿಯಿಂದ ತಳಿಗೆ ಪ್ರಮಾಣವೂ ಬೇರೆ.

ಮೂರನೆಯದು ನಮಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ನಾವು ದಿನವೂ ತಿನ್ನುವ ಪಾಲಕ್ ಸೊಪ್ಪಿನಲ್ಲೂ ಆಕ್ಸಲೇಟ್ ಹೆಚ್ಚು ಕಡಿಮೆ ಇಷ್ಟೇ ಇರುತ್ತದೆ. ಆದರೆ ಪಾಲಕ್ ತಿಂದು ಹೀಗೆ ವಿಷವೇರಿದವರ ಸುದ್ದಿ ಬರುವುದಿಲ್ಲ. ಆದ್ದರಿಂದ ರೂಬಾರ್ಬ್ ಎಲೆಯಲ್ಲಿ ಆಕ್ಸಾಲಿಕ್ ಆಮ್ಲದ ಜೊತೆಗೆ ಬೇರೆ ಪದಾರ್ಥಗಳೂ, ಅಂದರೆ ಆಂಥ್ರಾಕ್ವಿನೋನ್ ಗ್ಲೈಕೋಸೈಡ್ ಎಂಬ ಗುಂಪಿನವೂ, ಸೇರಿ ಕೆಲಸ ಮಾಡುತ್ತಿರಬಹುದು ಎಂಬ ಅನುಮಾನ ವಿಜ್ಞಾನಿಗಳಿಗೆ ಬಹಳ ಹಿಂದಿನಿಂದಲೂ ಇದೆ. ಹಾಗಿದ್ದ ಮೇಲೆ ಬರೀ ಆಕ್ಸಾಲಿಕ್ ಆಮ್ಲದ ತೂಕ ಹಿಡಿದು ಎಷ್ಟು ಕಿಲೋ ತಿನ್ನಬಹುದು ಎಂದು ಹೇಳುವುದೇ ತಪ್ಪು.

ಯಾರಾದರೂ ತಿಳಿಯದೆ ಎಲೆ ತಿಂದು ಬಾಯಿ ಗಂಟಲು ಉರಿ, ವಾಂತಿ, ಹೊಟ್ಟೆನೋವು ಶುರುವಾದರೆ ಬಲವಂತವಾಗಿ ವಾಂತಿ ಮಾಡಿಸಲು ಹೋಗಬೇಡಿ. ಬಾಯಿ ತೊಳೆಸಿ, ಬ್ರಿಟನ್ನಿನಲ್ಲಿದ್ದರೆ 111ಕ್ಕೆ ಫೋನ್ ಮಾಡಿ. ಉಸಿರಾಟದ ತೊಂದರೆ, ಸೆಳೆತ, ಪ್ರಜ್ಞೆ ತಪ್ಪುವುದು ಇದ್ದರೆ ನೇರ 999. ತಿಂದ ಎಲೆಯ ಒಂದು ತುಂಡನ್ನು ಜೊತೆಗೆ ಒಯ್ಯಿರಿ, ಡಾಕ್ಟರಿಗೆ ಗಿಡ ಗುರುತಿಸಲು ಸುಲಭವಾಗುತ್ತದೆ. ಅಡುಗೆ ಮಾಡುವಾಗ ದಂಟಿಗೆ ಸ್ವಲ್ಪ ಎಲೆಯ ಚೂರು ಅಂಟಿಕೊಂಡಿದ್ದು ಹೊಟ್ಟೆಗೆ ಹೋಯಿತು ಅಂತ ಗಾಬರಿಯಾಗಬೇಕಿಲ್ಲ.

ದಂಟು ಎಲ್ಲರೂ ತಿನ್ನಬಹುದೇ?

ಸಾಮಾನ್ಯ ಆರೋಗ್ಯ ಇರುವವರು ತಿನ್ನಬಹುದು. ದಂಟಿನ ಹುಳಿ ಬಹುಪಾಲು ಮ್ಯಾಲಿಕ್ ಆಮ್ಲದ್ದು, ಸೇಬಿನಲ್ಲಿರುವುದೂ ಇದೇ. ಆದರೆ ಆಕ್ಸಲೇಟ್ ದಂಟಿನಲ್ಲೂ ಇದ್ದೇ ಇದೆ. ಕ್ಯಾಲ್ಸಿಯಂ ಆಕ್ಸಲೇಟ್ ಕಿಡ್ನಿ ಕಲ್ಲು ಆಗಿದ್ದವರಿಗೆ ಪಾಲಕ್ ಜೊತೆ ರೂಬಾರ್ಬನ್ನೂ ಕಡಿಮೆ ಮಾಡಿ ಎಂದು ಡಾಕ್ಟರು ಹೇಳುವುದು ಇದಕ್ಕೇ. ಇಂಗ್ಲಿಷರು ರೂಬಾರ್ಬ್ ಜೊತೆ ಹಾಲಿನ ಕಸ್ಟರ್ಡ್ ಹಾಕಿಕೊಂಡು ತಿನ್ನುತ್ತಾರೆ. ರುಚಿಗೆಂದು ಮಾಡಿದ್ದಾದರೂ ಅದರಲ್ಲಿ ಒಂದು ಲಾಭವಿದೆ. ಹಾಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುವುದರಿಂದ ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ.

ಜುಲೈ ನಂತರ ದಂಟೂ ವಿಷವಾಗುತ್ತದೆ ಎಂಬ ಮಾತು ಕೂಡ ಓಡಾಡುತ್ತಿದೆ. ಅದು ಹಾಗಲ್ಲ. ಬೇಸಿಗೆ ನಡುವೆ ಕೊಯ್ಲು ನಿಲ್ಲಿಸುವುದು ಗಿಡದ ಒಳ್ಳೆಯದಕ್ಕೆ. ಉಳಿದ ಎಲೆಗಳು ಬಿಸಿಲು ಕುಡಿದು ಮುಂದಿನ ವರ್ಷಕ್ಕೆ ಬುಡದಲ್ಲಿ ಆಹಾರ ಕೂಡಿಡಬೇಕು. ಅಷ್ಟೊತ್ತಿಗೆ ದಂಟೂ ನಾರಾಗಿರುತ್ತದೆ. ಆದರೆ ಗಟ್ಟಿ ಹಿಮ ಬಿದ್ದು ದಂಟು ಮೆತ್ತಗೆ ಜೋತುಬಿದ್ದಿದ್ದರೆ ಅದನ್ನು ತಿನ್ನದೆ ಎಸೆಯಿರಿ ಎಂದು ತೋಟಗಾರಿಕೆ ಸಲಹೆಗಾರರು ಹೇಳುತ್ತಾರೆ, ಅದನ್ನು ಪಾಲಿಸಿ.

ಎಸೆದ ಎಲೆ ಕಾಂಪೋಸ್ಟ್ ಗುಂಡಿಗೆ ಹಾಕಬಹುದು. ಕೊಳೆಯುವಾಗ ಆಕ್ಸಾಲಿಕ್ ಆಮ್ಲವೂ ಒಡೆದುಹೋಗುತ್ತದೆ, ಆ ಗೊಬ್ಬರ ಹಾಕಿದ ತರಕಾರಿಗೆ ವಿಷ ಏರುವುದಿಲ್ಲ. ಎಲೆಯನ್ನು ಹಾಗೆ ಒಳ್ಳೆಯ ಕೆಲಸಕ್ಕೆ ಬಳಸಿದೆವು ಎಂದರೆ ಅಮ್ಮನಿಗೂ ಸಮಾಧಾನವಾದೀತು.

ಬಕೆಟ್ ಏಕೆ ಮುಚ್ಚುತ್ತಾರೆ?

ಕೃಷಿ ಗೊತ್ತಿಲ್ಲದವರಿಗೆ ಇದು ವಿಚಿತ್ರ ಅನಿಸುತ್ತದೆ: ಒಳ್ಳೇ ಗಿಡಕ್ಕೆ ಬಿಸಿಲು ಬೀಳದಂತೆ ಬಕೆಟ್ ಬೋರಲು ಹಾಕುವುದು! ಚಳಿಗಾಲ ಕಳೆದ ಗಡ್ಡೆಯಲ್ಲಿ ಹಿಂದಿನ ವರ್ಷದ ಆಹಾರ ತುಂಬಿರುತ್ತದೆ. ಕತ್ತಲಲ್ಲಿ ಚಿಗುರಿದ ಗಿಡ ಬೆಳಕು ಹುಡುಕುತ್ತ ದಂಟನ್ನು ಉದ್ದಕ್ಕೆ ಚಾಚುತ್ತದೆ. ಬೆಳಕಿಲ್ಲದ್ದರಿಂದ ಹಸಿರು ಬರುವುದಿಲ್ಲ, ಎಲೆ ಹಳದಿಯಾಗಿ ಸಣ್ಣದಾಗಿಯೇ ಉಳಿಯುತ್ತದೆ. ದಂಟು ಮಾತ್ರ ಗುಲಾಬಿ ಬಣ್ಣದ್ದು, ಎಳೆಯದು, ಹುಳಿಯೂ ಕಡಿಮೆ. ಹೊರಗಿನ ಗಿಡಕ್ಕಿಂತ ಕೆಲವು ವಾರ ಮೊದಲೇ ಕೈಗೆ ಸಿಗುತ್ತದೆ. ಕಾಳು ಮೊಳಕೆ ಕಟ್ಟಿ ಕತ್ತಲಲ್ಲಿ ಮರೆತಾಗ ಬಿಳುಚಿ ಉದ್ದ ಬೆಳೆಯುತ್ತದಲ್ಲ, ಅದೇ ತತ್ವ.

ಯಾರ್ಕ್‌ಷೈರಿನ ವೇಕ್‌ಫೀಲ್ಡ್, ಮಾರ್ಲಿ, ರಾತ್‌ವೆಲ್ ಊರುಗಳ ನಡುವೆ ಸುಮಾರು 9 ಚದರ ಮೈಲಿಯ ಜಾಗಕ್ಕೆ ರೂಬಾರ್ಬ್ ತ್ರಿಕೋನ ಎಂದೇ ಹೆಸರು. ಅಲ್ಲಿ ಗಿಡವನ್ನು ಎರಡು ವರ್ಷ ಹೊಲದಲ್ಲಿ ಬೆಳೆಸಿ, ಚಳಿ ತಿನ್ನಿಸಿ, ಆಮೇಲೆ ಗಡ್ಡೆ ಸಮೇತ ಕಿತ್ತು ಕತ್ತಲೆ ಕೊಟ್ಟಿಗೆಗೆ ತರುತ್ತಾರೆ. ಕೊಯ್ಲು ಮಾಡುವುದು ಮೇಣದ ಬತ್ತಿಯ ಬೆಳಕಿನಲ್ಲಿ. ಮೊಗ್ಗು ಒಡೆಯುವಾಗ ಪಟ್ ಎಂದು ಸದ್ದು ಕೇಳಿಸುವಷ್ಟು ಬೇಗ ಬೆಳೆಯುತ್ತದೆ. ನಂಜನಗೂಡು ರಸಬಾಳೆಗೆ ಜಿಐ ಟ್ಯಾಗ್ ಇರುವ ಹಾಗೆ ಈ ರೂಬಾರ್ಬಿಗೂ 2010ರಲ್ಲಿ ಯುರೋಪಿಯನ್ ಒಕ್ಕೂಟದ ಸಂರಕ್ಷಿತ ಹೆಸರಿನ ಮಾನ್ಯತೆ ಸಿಕ್ಕಿದೆ. ಹಿತ್ತಿಲಲ್ಲಿ ಬಕೆಟ್ ಮುಚ್ಚುವುದು ಇದರದ್ದೇ ಮನೆ ಮಟ್ಟದ ರೂಪ. ಹಿಂದೆ ಅದಕ್ಕೆಂದೇ ಎತ್ತರದ ಮಣ್ಣಿನ ಗಡಿಗೆಗಳಿದ್ದವು, ಈಗ ಅವು ದುಬಾರಿ, ಹಾಗಾಗಿ ಹಳೇ ಬಕೆಟ್ಟು ಅಥವಾ ಕಸದ ಡಬ್ಬಿ.

ಸರಿ, ಪ್ಲಾಸ್ಟಿಕ್ ಇಳಿಯುತ್ತದೆಯೇ?

ಪ್ಲಾಸ್ಟಿಕ್ಕಿನಿಂದ ರಾಸಾಯನಿಕ ಆಹಾರಕ್ಕೆ ಸೇರುವುದು ಸುಳ್ಳಲ್ಲ. ಆದರೆ ಅದಕ್ಕೆ ಮುಖ್ಯವಾಗಿ ಬೇಕಾದದ್ದು ಬಿಸಿ, ಎಣ್ಣೆ ಅಥವಾ ಹುಳಿ, ಮತ್ತು ಬಹಳ ಹೊತ್ತಿನ ಸಂಪರ್ಕ. ಜನವರಿಯ ಚಳಿಯಲ್ಲಿ ಬೋರಲು ಹಾಕಿದ ಬಕೆಟ್ಟು ದಂಟಿಗೆ ತಾಗುವುದೇ ಅಪರೂಪ. ತಾಗಿದರೂ ಸಿಪ್ಪೆ ಹಾಗೇ ಇರುವ ತಣ್ಣನೆಯ ದಂಟಿಗೆ. ಹೀಗೆ ಬೆಳೆದದ್ದು ತಿಂದು ಕ್ಯಾನ್ಸರ್ ಬರುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಮೆಸೇಜಿನ ಆ ಭಾಗ ಸುಳ್ಳು.

ನಿಜವಾದ ಪ್ರಶ್ನೆ ಬೇರೆ. ಆ ಬಕೆಟ್ಟಿನಲ್ಲಿ ಮೊದಲು ಏನಿತ್ತು? ಕೀಟನಾಶಕ, ಕಳೆನಾಶಕ, ಪೇಂಟು, ಥಿನ್ನರ್, ಇಂಜಿನ್ ಆಯಿಲ್ ಇದ್ದ ಡಬ್ಬವನ್ನು ಎಷ್ಟು ತೊಳೆದರೂ ತಿನ್ನುವ ಗಿಡದ ಹತ್ತಿರ ತರಬೇಡಿ. ಪ್ಲಾಸ್ಟಿಕ್ಕು ಗಾಜಿನಂತಲ್ಲ, ಇಂಥವನ್ನು ಸ್ವಲ್ಪ ಒಳಗೆ ಹೀರಿಕೊಂಡಿರುತ್ತದೆ. ಆಮೇಲೆ ನಿಧಾನವಾಗಿ ಮಣ್ಣಿಗೆ ಬಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ಔಷಧಿ ಹೊಡೆದ ಖಾಲಿ ಕ್ಯಾನಿನಲ್ಲಿ ನೀರು ತುಂಬಿಡುವುದು ಇನ್ನೂ ಕಾಣುತ್ತದೆ. ಭಾರತದ 1971ರ ಕೀಟನಾಶಕ ನಿಯಮಗಳಲ್ಲೇ ಖಾಲಿ ಡಬ್ಬ ಮತ್ತೆ ಬಳಕೆಯಾಗದಂತೆ ಒಡೆದು, ಜನವಸತಿಯಿಂದ ದೂರ ಹೂಳಬೇಕು ಎಂದಿದೆ. ರೂಬಾರ್ಬ್ ಇರಲಿ ಕೊತ್ತಂಬರಿ ಇರಲಿ, ಈ ವಿಷಯದಲ್ಲಿ ರಾಜಿ ಬೇಡ.

ಡಬ್ಬಿಯ ಅಡಿಯಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. ಅದು ಸುರಕ್ಷತೆಯ ಗುರುತು ಎಂದು ಬಹಳ ಜನ ತಿಳಿದಿದ್ದಾರೆ, ಅಲ್ಲ. ಯಾವ ಜಾತಿಯ ಪ್ಲಾಸ್ಟಿಕ್ ಎಂದು ಮರುಬಳಕೆಯವರಿಗೆ ತಿಳಿಯಲೆಂದು 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ತಂದ ಸಂಕೇತ. ಆದರೂ ನಮಗೆ ಉಪಯೋಗಕ್ಕೆ ಬರುತ್ತದೆ. 2 ಅಂದರೆ ಎಚ್‌ಡಿಪಿಇ, ಅಲ್ಲಿನ ದೊಡ್ಡ ಹಾಲಿನ ಬಾಟಲಿಗಳು ಇದರಲ್ಲೇ ಬರುತ್ತವೆ. 5 ಅಂದರೆ ಪಾಲಿಪ್ರೊಪಿಲೀನ್, ಮೊಸರು ಐಸ್‌ಕ್ರೀಮಿನ ಡಬ್ಬಿಗಳು ಬಹಳಷ್ಟು ಇದೇ. ಇವೆರಡಕ್ಕೂ ಮೆತ್ತಗೆ ಮಾಡಲು ಥ್ಯಾಲೇಟ್ ಬೆರೆಸುವ ಅಗತ್ಯವಿಲ್ಲ, ತೋಟಕ್ಕೆ ಒಳ್ಳೆಯವು. 3 ಪಿವಿಸಿ, 6 ಪಾಲಿಸ್ಟೈರೀನ್, ಇವನ್ನು ಬಿಡಿ. 7 ಎಂದರೆ ಇತರೆ ಎಲ್ಲವೂ, ಏನೆಂದು ಗೊತ್ತಾಗುವುದಿಲ್ಲ, ಬಿಟ್ಟರೆ ಒಳ್ಳೆಯದು. ಆಹಾರಕ್ಕೆ ಯೋಗ್ಯವೇ ಎಂದು ತಿಳಿಯಲು ಯುರೋಪಿನಲ್ಲಿ ಲೋಟ ಮತ್ತು ಫೋರ್ಕಿನ ಚಿತ್ರ ಹಾಕುತ್ತಾರೆ, ಅದನ್ನು ಹುಡುಕಿ.

ಇನ್ನೊಂದು ತೊಂದರೆ ಬಿಸಿಲು. ಮಾಮೂಲಿ ಬಕೆಟ್ಟು ವರ್ಷಗಟ್ಟಲೆ ಬಿಸಿಲಲ್ಲಿ ಇದ್ದರೆ ಬಣ್ಣ ಮಾಸಿ, ಮುಟ್ಟಿದರೆ ಚೂರಾಗುವಂತಾಗುತ್ತದೆ. ಆ ಚೂರುಗಳು ಮಣ್ಣಿಗೆ ಸೇರಿ ಮೈಕ್ರೋಪ್ಲಾಸ್ಟಿಕ್ ಆಗುತ್ತವೆ, ಹೆಕ್ಕಲು ಬರುವುದಿಲ್ಲ. ಬಿರುಕು ಬಿಡುವ ಮೊದಲೇ ಅದನ್ನು ಮರುಬಳಕೆಗೆ ಹಾಕಿ. ಗಿಡದ ಮೇಲಿಂದ ತೆಗೆದ ಬಕೆಟ್ಟನ್ನು ಬೇಸಿಗೆಯಲ್ಲಿ ನೆರಳಲ್ಲಿಟ್ಟರೆ ಬಾಳಿಕೆ ಬರುತ್ತದೆ.

ಮಾಡುವುದಾದರೆ ಹೀಗೆ ಮಾಡಿ

ಬಕೆಟ್ಟು ಕಪ್ಪು ಅಥವಾ ಗಾಢ ಬಣ್ಣದ್ದಿರಲಿ. ತೆಳು ಬಿಳಿ ಬಕೆಟ್ಟಿನಲ್ಲಿ ಬೆಳಕು ತೂರಿ ಬಂದು ಇಡೀ ಉದ್ದೇಶವೇ ಹಾಳಾಗುತ್ತದೆ. ಎತ್ತರ ಒಂದೂವರೆ ಅಡಿಯಾದರೂ ಬೇಕು. ಡಿಸೆಂಬರ್ ಜನವರಿಯಲ್ಲಿ ಬುಡದ ಒಣ ಎಲೆ ತೆಗೆದು ಮುಚ್ಚಿ, ಗಾಳಿಗೆ ಹಾರದಂತೆ ಮೇಲೆ ಕಲ್ಲಿಡಿ. ಎಂಟು ವಾರದ ಹೊತ್ತಿಗೆ ದಂಟು ಸಿಗುತ್ತದೆ. ನಡುನಡುವೆ ಎತ್ತಿ ನೋಡಿ, ಗೊಂಡೆಹುಳುಗಳಿಗೆ ಆ ಕತ್ತಲು ಅರಮನೆ. ದಂಟನ್ನು ಚಾಕುವಿನಿಂದ ಕೊಯ್ಯದೆ ಬುಡದಲ್ಲಿ ಹಿಡಿದು ತಿರುಚಿ ಎಳೆಯಬೇಕು. ನೆಟ್ಟ ಮೊದಲ ವರ್ಷ ಏನೂ ಕೀಳಬೇಡಿ. ಹೊಸ ಗಿಡಕ್ಕೆ ಬಕೆಟ್ ಮುಚ್ಚಬೇಡಿ, ಒಮ್ಮೆ ಮುಚ್ಚಿದ ಗಿಡಕ್ಕೆ ಮರುವರ್ಷ ವಿಶ್ರಾಂತಿ ಕೊಡಿ. ಬೆಳಕಿಲ್ಲದೆ ಬೆಳೆದು ಅದರ ಬುಡ ಬರಿದಾಗಿರುತ್ತದೆ.

ಕುಂಡದಲ್ಲಿ ಬೆಳೆಯುವವರು ಐಸ್‌ಕ್ರೀಮ್ ಡಬ್ಬಿಯಲ್ಲಿ ಬೀಜ ಮೊಳೆಸಬಹುದು, ತಳಕ್ಕೆ ತೂತು ಮಾಡಿದರಾಯಿತು. ಆದರೆ ಬೆಳೆದ ಗಿಡಕ್ಕೆ ಕನಿಷ್ಠ 50 ಸೆಂಟಿಮೀಟರ್ ಆಳ, ಅಷ್ಟೇ ಅಗಲ ಬೇಕು. ಅಂದರೆ ಹತ್ತಿರ ಹತ್ತಿರ 100 ಲೀಟರಿನ ಡ್ರಮ್ಮು. ನೆನೆದ ಮಣ್ಣು ತುಂಬಿದಾಗ ತೂಕ 100 ಕಿಲೋ ದಾಟುತ್ತದೆ, ಫ್ಲ್ಯಾಟಿನ ಬಾಲ್ಕನಿಯಲ್ಲಿಡುವ ಮುನ್ನ ಯೋಚಿಸಿ. ತಳದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ, ತೂತು ಧಾರಾಳವಾಗಿರಲಿ.

ತೋಟದಲ್ಲಿ ಹೆದರುವವರು ಅಡುಗೆಮನೆಯಲ್ಲಿ ಮಾಡುವ ತಪ್ಪೊಂದಿದೆ. ಒಲೆಯಿಂದ ಇಳಿಸಿದ ಕುದಿಯುವ ರೂಬಾರ್ಬ್ ಗೊಜ್ಜನ್ನು ಖಾಲಿ ಐಸ್‌ಕ್ರೀಮ್ ಡಬ್ಬಿಗೆ ಸುರಿಯುವುದು. ಆ ಡಬ್ಬಿ ಮಾಡಿರುವುದು ತಣ್ಣನೆಯ ಪದಾರ್ಥಕ್ಕೆ. ಇಲ್ಲಿ ಬಿಸಿಯೂ ಇದೆ, ಹುಳಿಯೂ ಇದೆ, ಫ್ರಿಜ್ಜಿನಲ್ಲಿ ವಾರಗಟ್ಟಲೆ ಸಂಪರ್ಕವೂ ಇದೆ. ಗಾಜಿನ ಭರಣಿ ಬಳಸಿ. ಬೇಯಿಸಲು ಅಲ್ಯುಮಿನಿಯಂ ಪಾತ್ರೆಯೂ ಬೇಡ, ಹುಳಿಗೆ ಲೋಹ ಬಿಡುತ್ತದೆ. ರೂಬಾರ್ಬ್ ಬೇಯಿಸಿದ ಅಲ್ಯುಮಿನಿಯಂ ಪಾತ್ರೆ ಫಳಫಳ ಹೊಳೆಯುವುದು ಇದೇ ಕಾರಣಕ್ಕೆ. ಸ್ಟೀಲ್ ಪಾತ್ರೆ ಸಾಕು.

ಬೆಂಗಳೂರಿನಲ್ಲಿ ಬೆಳೆಯಬಹುದೇ ಎಂದೂ ಕೇಳುತ್ತಾರೆ. ಗಡ್ಡೆ ಸರಿಯಾಗಿ ಚಿಗುರಲು 5 ಡಿಗ್ರಿಗಿಂತ ಕೆಳಗಿನ ಚಳಿ ವಾರಗಟ್ಟಲೆ ಬೇಕು, ಅದು ನಮ್ಮಲ್ಲಿ ಸಿಗುವುದಿಲ್ಲ. ಬೀಜ ಹಾಕಿ ಒಂದು ವರ್ಷದ ಗಿಡವಾಗಿ ಪ್ರಯತ್ನಿಸಬಹುದು, ಯಾರ್ಕ್‌ಷೈರಿನ ದಂಟು ನಿರೀಕ್ಷಿಸಬೇಡಿ. ಗ್ರಂಥಿಗೆ ಅಂಗಡಿಯಲ್ಲಿ ರೇವಲಚಿನ್ನಿ ಎಂದು ಮಾರುವ ಒಣಬೇರು ಇದರ ಹಿಮಾಲಯದ ಬಳಗದ್ದು. ಅದು ಭೇದಿ ಮಾಡಿಸುವ ಔಷಧಿ. ರೂಬಾರ್ಬ್ ಜಾಮ್ ಒಳ್ಳೆಯದು ಎಂದು ಓದಿ ಆ ಬೇರನ್ನು ಕುದಿಸಿ ಕುಡಿಯಲು ಹೋಗಬೇಡಿ. ವೈದ್ಯರು ಹೇಳಿದರೆ, ಹೇಳಿದಷ್ಟೇ ತೆಗೆದುಕೊಳ್ಳಿ.